ಅಮ್ಮನ ಕಿಡ್ನಿ, ಮಗನ ಕೆಮ್ಮು

ಮೆಟ್ಟಿಲ ಮಧ್ಯೆ ನಿಂತು ಫೋನ್ ನೋಡುವ ಅಭ್ಯಾಸ ಕಿರಣನಿಗೆ ಮೊದಲು ಇರಲಿಲ್ಲ. ಅವನ ಕೋಣೆ ಮಹಡಿಯ ಮೇಲಿದೆ. ಕೆಳಗೆ ಊಟ ಮುಗಿಸಿ ಒಂದೇ ಉಸಿರಿಗೆ ಹತ್ತಿ ಹೋಗುವವನು. ದೀಪಾವಳಿ ಮುಗಿದಿತ್ತು. ನಾನು ಪಡಸಾಲೆಯಲ್ಲಿ ಕುಳಿತು ಒಣಗಿದ ಬಟ್ಟೆ ಮಡಚುತ್ತಿದ್ದೆ. ಅವನು ಅರ್ಧ ಹತ್ತಿ ನಿಂತ. ಜೇಬಿನಿಂದ ಫೋನ್ ತೆಗೆದ. ಅದರ ಪರದೆ ಬೆಳಗಿರಲಿಲ್ಲ. ಆ ಕಪ್ಪು ಪರದೆಯನ್ನೇ ನೋಡುತ್ತಾ ನಿಂತಿದ್ದ, ಭುಜಗಳು ಮಾತ್ರ ಏರಿ ಇಳಿಯುತ್ತಿದ್ದವು. ಆಮೇಲೆ ಕೆಮ್ಮಿದ. ಕಫವಿಲ್ಲದ, ಗಂಟಲು ಕೆರೆದಂಥ ಸಣ್ಣ ಒಣ ಕೆಮ್ಮು.

“ಏನಾಯ್ತು ಕಿರಣ?”

“ಏನಿಲ್ಲ ಅತ್ತಿಗೆ. ಯಾವ್ದೋ ಮೆಸೇಜು.”

ಬೇರೆ ಮನೆಯಲ್ಲಾಗಿದ್ದರೆ ಒಂದು ಲೋಟ ಶುಂಠಿ ಕಷಾಯಕ್ಕೆ ಮುಗಿಯುವ ಮಾತು. ನಮ್ಮ ಮನೆಯಲ್ಲಿ ಅವನು ಕೆಮ್ಮಿದರೆ ಎಲ್ಲರ ಕೈಕೆಲಸ ನಿಲ್ಲುತ್ತದೆ. ಕಿರಣ ನನ್ನ ಮೈದುನ. ಕಾಲೇಜು ಮುಗಿಸಿದ ಕೆಲವೇ ವರ್ಷಕ್ಕೆ ಅವನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದವು. ಮಧುಗಿರಿಯಿಂದ ತುಮಕೂರಿಗೆ ಡಯಾಲಿಸಿಸ್‌ಗೆ ಓಡಾಡಿ ಸೋತ ಮೇಲೆ ಅವನಮ್ಮ, ಅಂದರೆ ನನ್ನ ಅತ್ತೆ, ತಮ್ಮದೊಂದನ್ನು ಕೊಟ್ಟರು.

ಅವನೊಳಗೆ ಕೆಲಸ ಮಾಡುತ್ತಿರುವುದು ಅವನಮ್ಮನ ಕಿಡ್ನಿ.

ಬೇರೆಯವರ ಅಂಗವನ್ನು ದೇಹ ತನ್ನದೆಂದು ಒಪ್ಪುವುದಿಲ್ಲವಂತೆ. ಹೊರಗಿನದೆಂದು ಕಂಡು ಅದರ ಮೇಲೆ ಬೀಳುತ್ತದೆ. ಹಾಗೆ ಬೀಳದಂತೆ ದೇಹದ ಕಾವಲನ್ನೇ ಮಾತ್ರೆಯಿಂದ ತಗ್ಗಿಸಿಡಬೇಕು, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಬದುಕಿರುವವರೆಗೆ. ಕಾವಲು ತಗ್ಗಿದ ಮನೆಗೆ ಯಾವ ರೋಗವೂ ಬರಬಹುದು. ಆದ್ದರಿಂದ ಆಸ್ಪತ್ರೆಯವರು ನೂರೆಂಟು ನಿಯಮ ಹೇಳಿ ಕಳಿಸಿದ್ದರು. ನಾನು ತುಮಕೂರಿನ ಕಾನ್ವೆಂಟಿನಲ್ಲಿ ಓದಿದವಳು, ಮನೆಯ ಇಂಗ್ಲಿಷೆಲ್ಲ ನನ್ನ ಪಾಲಿಗೆ ಬರುತ್ತದೆ. ಒಂದೊಂದೇ ನಿಯಮವನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ. ಹೊರಗಿನ ಚಪ್ಪಲಿ ಒಳಗೆ ಬರಬಾರದು. ಕೈ ತೊಳೆಯದೆ ಮುಟ್ಟಬಾರದು. ನೀರು ಕುದಿಸಿಯೇ ಕೊಡಬೇಕು. ತಂಗಳು ಕೂಡದು. ನೆಗಡಿ ಇದ್ದವರು ಹತ್ತಿರ ಸುಳಿಯಬಾರದು.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, “ಇದು ಮಡಿನೇ ಅಲ್ವೇನಮ್ಮ?” ಎಂದರು.

ನಾವು ಲಿಂಗ ಕಟ್ಟಿದವರು. ನಮ್ಮಲ್ಲಿ ಮಡಿ ಮೈಲಿಗೆ ಇಲ್ಲ ಎಂದು ಬಂದವರ ಮುಂದೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಅತ್ತೆ, ಅರವತ್ತರ ಹತ್ತಿರ ಬಂದು ಮಡಿ ಕಲಿತರು. ಎಂಥ ಮಡಿ! ಪುದೀನ ಸೊಪ್ಪನ್ನೂ ಕುದಿಸಿ ಆರಿಸಿದ ನೀರಿನಲ್ಲೇ ತೊಳೆಯುವುದು. ಹಾಲಿನವನು ಗೇಟಿನ ಆಚೆಯಿಂದಲೇ ಕೈ ಚಾಚಿ ಸುರಿಯಬೇಕು. ಪಕ್ಕದ ಮನೆಯ ಪುಟ್ಟತಾಯಮ್ಮ ಒಮ್ಮೆ ಸೀನಿದ್ದಕ್ಕೆ ಅವರನ್ನು ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದ್ದರು.

“ನಿಮ್ಮನೇಗ್ ಬರ್ಬೇಕಂದ್ರೆ ಆಪ್ರೇಸನ್ ಮಾಡೋ ಡಾಕ್ಟ್ರಂಗೆ ಹಸ್ರು ಬಟ್ಟೆ ಹಾಕ್ಕಂಡ್ ಬರ್ಬೇಕು ಕಣಕ್ಕ,” ಎಂದು ಪುಟ್ಟತಾಯಮ್ಮ ಅಂದಿದ್ದರು.

“ಹಾಕ್ಕಂಡೇ ಬಾ. ಅಂಗೇ ಮೂಗಿಗೂ ಒಂದ್ ಕಟ್ಕಂಡ್ ಬಾ,” ಎಂದಿದ್ದರು ಅತ್ತೆ.

ಒಂದನ್ನು ಮಾತ್ರ ನಾವು ಯಾರೂ ಕುದಿಸಲಿಲ್ಲ.

ಸಿದ್ದರಬೆಟ್ಟದ ಗುಹೆಯ ತೀರ್ಥ. ನಮ್ಮವರಿಗೆ, ಅಂದರೆ ಕಿರಣನ ಅಣ್ಣನಿಗೆ, ಬಿತ್ತನೆ ಬೀಜ, ಗೊಬ್ಬರದ ಅಂಗಡಿ ಇದೆ. ವ್ಯಾಪಾರಕ್ಕೆ ಕೊರಟಗೆರೆ ಕಡೆ ಹೋದಾಗ ಬೆಟ್ಟ ಹತ್ತಿ ಒಂದು ಕ್ಯಾನು ತುಂಬಿಸಿಕೊಂಡು ಬರುತ್ತಿದ್ದರು. ಅದು ಗಿಡಮೂಲಿಕೆ ಬೇರು ತೊಳೆದು ಇಳಿಯುವ ನೀರು, ಕಾಯಿಲೆ ಕಳೆಯುತ್ತದೆ ಎಂಬ ನಂಬಿಕೆ ನಮ್ಮ ಕಡೆ ಮನೆಮನೆಯಲ್ಲೂ ಇದೆ. ಅತ್ತೆ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಕಿರಣನ ಹಣೆಗೆ ವಿಭೂತಿ ಇಟ್ಟು, ಅಂಗೈಗೆ ಒಂದು ಚಮಚ ತೀರ್ಥ ಹಾಕುತ್ತಿದ್ದರು. ಕುಡಿಯುವ ನೀರಿನ ಬಗ್ಗೆ ಅಷ್ಟು ಎಚ್ಚರವಿದ್ದ ಮನೆ ನಮ್ಮದು. ಆದರೆ ತೀರ್ಥವೂ ನೀರೇ ಎಂದು ಅತ್ತೆಗೆ ಹೊಳೆದಿರಲಿಲ್ಲ. ನಿಯಮಗಳನ್ನು ಓದಿ ಹೇಳಿದ ನನಗೂ ಹೊಳೆದಿರಲಿಲ್ಲ.

ಕಿರಣನದು ಮದುವೆ ವಿಡಿಯೋ ಕೆಲಸ. ಡ್ರೋನ್ ಹಾರಿಸುತ್ತಾನೆ. ಮದುವೆಗೆ ಮುಂಚೆ ಜೋಡಿಗಳನ್ನು ಕೋಟೆಯ ಮೇಲೆ, ಪಾವಗಡದ ರಾಯಚರ್ಲು ಕಡೆಯ ಸೋಲಾರ್ ಫಲಕಗಳ ಸಾಲುಗಳ ಮಧ್ಯೆ ನಿಲ್ಲಿಸಿ ಚಿತ್ರ ತೆಗೆಯುತ್ತಾನೆ. ಆಪರೇಷನ್ ಆದ ಮೇಲೆ ಬಹಳ ಬೇಗ ಸುಸ್ತಾಗುತ್ತಿದ್ದ. ಕ್ಯಾಮೆರಾ ಚೀಲವನ್ನು ಬೇರೆಯವರು ಹೊರಬೇಕಿತ್ತು. ಅದು ಅವನಿಗೆ ಅವಮಾನ.

ಕಳೆದ ಯುಗಾದಿಯ ನಂತರ ಸುಸ್ತು ಹೋಯಿತು. ನಮಗೆ ಖುಷಿಯೇ ಆಯಿತು. ಆದರೆ ಜೊತೆಗೆ ಬಂದ ಸಣ್ಣಪುಟ್ಟ ಸಂಗತಿಗಳು ನನ್ನ ಕಣ್ಣಿಗೆ ಬೀಳುತ್ತಿದ್ದವು. ಮದುವೆ ಮುಗಿಸಿ ಬಂದ ದಿನ ಉಪ್ಪಿಟ್ಟು ಹಾಕಿಕೊಟ್ಟರೆ ಒಂದು ತುತ್ತೂ ತಿನ್ನದೆ, ಅದರಲ್ಲಿದ್ದ ಕರಿಬೇವನ್ನೆಲ್ಲ ಆರಿಸಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ ಎದ್ದು ಹೋಗುತ್ತಿದ್ದ. ಸುಮ್ಮನೆ ಕುಳಿತಾಗಲೂ ದವಡೆ ಆಡುತ್ತಿರುತ್ತಿತ್ತು, ಹಲ್ಲು ಹಲ್ಲಿಗೆ ತಿಕ್ಕುವ ಸದ್ದು ನನಗೆ ಕೇಳುತ್ತಿತ್ತು. ಒಂದು ಬೆಳಿಗ್ಗೆ ನನ್ನ ಮಿಕ್ಸಿಯನ್ನು ಸರಿ ಮಾಡುತ್ತೇನೆಂದು ಬಿಚ್ಚಿ ಹರಡಿದ. ಅದು ಕೆಟ್ಟಿರಲೇ ಇಲ್ಲ. ಎರಡು ದಿನ ಎಚ್ಚರವಾಗೇ ಇದ್ದಂತೆ ಕಂಡವನು, ಆಮೇಲೆ ಕರೆದರೂ ಏಳದಷ್ಟು ನಿದ್ದೆ ಹೋಗುತ್ತಿದ್ದ.

ಕೇಳಿದರೆ “ಸೀಸನ್ ಅತ್ತಿಗೆ” ಎನ್ನುತ್ತಿದ್ದ. ಮದುವೆ ಸೀಸನ್ ಎಂದು ನಾನೂ ಸುಮ್ಮನಾಗುತ್ತಿದ್ದೆ.

ಶ್ರಾವಣದಲ್ಲಿ ಬೆಂಗಳೂರಿನ ಆಸ್ಪತ್ರೆಗೆ ಚೆಕಪ್‌ಗೆ ಹೋದಾಗ, ಕಿಡ್ನಿ ಸೋತರೆ ರಕ್ತದಲ್ಲಿ ಹೆಚ್ಚುವ ಕ್ರಿಯೇಟಿನಿನ್ ಏರಿತ್ತು. ರಕ್ತದಲ್ಲಿ ಮಾತ್ರೆಯ ಲೆವೆಲ್ ತೀರಾ ಕಡಿಮೆ ಇತ್ತು. “ಮಾತ್ರೆ ಸರಿಯಾಗಿ ತಗೋತಿದ್ದೀರಾ?” ಎಂದು ಡಾಕ್ಟರು ಕೇಳಿದರು. ಅವನು ಬಾಯಿ ತೆರೆಯುವ ಮುಂಚೆ ಅತ್ತೆಯೇ ಹೇಳಿದರು: “ಗಡಿಯಾರ ತಪ್ಪಿದ್ರೂ ನನ್ಮಗ ತಪ್ಪಲ್ಲ ಸ್ವಾಮಿ.” ಬಯಾಪ್ಸಿ ಆಯಿತು. ರಿಜೆಕ್ಷನ್, ಅಂದರೆ ದೇಹ ಆ ಕಿಡ್ನಿಯ ಮೇಲೆ ಬೀಳುವುದು, ಶುರುವಾಗಿದೆ ಎಂದರು. ಸ್ಟೀರಾಯ್ಡ್ ಡ್ರಿಪ್ ಏರಿಸಿದರು, ಮಾತ್ರೆಯ ಡೋಸ್ ಹೆಚ್ಚಿಸಿದರು. ಶ್ವಾಸಕೋಶಕ್ಕೆ ಸೋಂಕು ತಗಲದಂತೆ ಸಲ್ಫಾ ಮಾತ್ರೆಯೊಂದನ್ನು ಹೊಸದಾಗಿ ಸೇರಿಸಿದರು. ಮುಖ ದುಂಡಗೆ ಊದಿಸಿಕೊಂಡು ಮನೆಗೆ ಬಂದ.

ಮೆಟ್ಟಿಲ ಮೇಲಿನ ಆ ಕೆಮ್ಮು ಬಂದದ್ದು ಇಷ್ಟೆಲ್ಲ ಆದ ಮೇಲೆ.

ಅದು ಒಂದು ವಾರ ಹಾಗೇ ಇತ್ತು. ಆಮೇಲೆ ಜ್ವರ ಬಂತು. ಸ್ನಾನ ಮಾಡಿ ಟವೆಲ್ ಸುತ್ತಿಕೊಳ್ಳುವಷ್ಟರಲ್ಲಿ ಏದುಸಿರು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಹಾಕಿ ನೋಡಿದೆ. ಮಷೀನು ಕೆಟ್ಟಿದೆ ಎಂದುಕೊಂಡು ನನ್ನ ಬೆರಳಿಗೆ ಹಾಕಿಕೊಂಡೆ. ಕೆಟ್ಟಿರಲಿಲ್ಲ.

ಅವನ ಉಗುರಿನ ಬಣ್ಣ ಆಗ ನೋಡಿದೆ. ನೇರಳೆ.

ಬೆಂಗಳೂರಿನ ಆಸ್ಪತ್ರೆಗೆಂದು ನಮ್ಮವರು ಕಾರು ತೆಗೆದರು. ಕೊರಟಗೆರೆ ದಾಟಿತು. ಬಿಸಿ ಕಾಫಿ ಗುಟುಕರಿಸಿದವರ ಹಾಗೆ ಕಿರಣ ತುಟಿ ತೆರೆದು ಉಸಿರೆಳೆಯುತ್ತಿದ್ದ. ಅತ್ತೆ ಹಿಂದಿನ ಸೀಟಿನಲ್ಲಿ ಅವನ ಬೆನ್ನು ಸವರುತ್ತಾ “ಬಂತು ಕಣಪ್ಪ, ಇನ್ನೇನು ಬಂತು” ಎನ್ನುತ್ತಿದ್ದರು. ಏನೂ ಬಂದಿರಲಿಲ್ಲ. ತುಮಕೂರೇ ಬಂದಿರಲಿಲ್ಲ.

ಅವನನ್ನು ನೇರ ಐಸಿಯುಗೆ ಕರೆದುಕೊಂಡು ಹೋದರು. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶ, ಮಂಜು ಬಿದ್ದ ಕಿಟಕಿ ಗಾಜಿನ ಹಾಗೆ ಬೆಳ್ಳಗಿದ್ದವು. ಹೊರಗೆ ಕುಳಿತಿದ್ದ ನಮ್ಮ ಹತ್ತಿರ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಬಂದರು. ತುಂಬ ದಣಿದಿದ್ದ ಹುಡುಗಿ, ಕೋಟಿನ ಒಂದು ಗುಂಡಿ ಬೇರೆ ಬಣ್ಣದ್ದು. ಒಂದೊಂದೇ ಪ್ರಶ್ನೆ ಕೇಳಿದರು. ಮನೆಯಲ್ಲಿ ನಾಯಿ, ಪಾರಿವಾಳ ಇವೆಯಾ, ಯಾರಿಗಾದರೂ ಟಿಬಿ ಇದೆಯಾ, ಹೊರಗೆ ತಿನ್ನುತ್ತಾರಾ.

“ನೀರು?”

“ಕುದ್ಸಿ, ಸೋಸಿ, ಆರ್ಸಿ ಕೊಡೋದು ಕಣವ್ವ. ತೀರ್ಥ ಒಂದ್ ಬುಟ್ಟು,” ಎಂದರು ಅತ್ತೆ.

“ಯಾವ ತೀರ್ಥ?”

“ಸಿದ್ದರಬೆಟ್ಟದ್ದು. ಔಸ್ತಿ ನೀರು ಅದು.”

“ಅದನ್ನ ಕುದಿಸಲ್ವಾ?”

“ತೀರ್ಥ ಯಾರಾದ್ರೂ ಕುದುಸ್ತಾರಾ?”

ಆ ಹುಡುಗಿಯ ಪೆನ್ನು ನಿಂತಿತು. “ಅಮ್ಮಾ, ಇಮ್ಯುನಿಟಿ ಇಲ್ಲದವರಿಗೆ ಬೆಟ್ಟದ ಗುಹೆ ನೀರು ಕೊಡೋದಾ? ಇನ್ಫೆಕ್ಷನ್ ಇನ್ನೆಲ್ಲಿಂದ ಬರುತ್ತೆ!”



ಅತ್ತೆ ಕುರ್ಚಿ ಬಿಟ್ಟು ಗೋಡೆ ಪಕ್ಕ ನೆಲದ ಮೇಲೆ ಕುಳಿತರು. ಎಡಗೈಯನ್ನು ಸೊಂಟದ ಪಕ್ಕ, ಆಪರೇಷನ್ ಗಾಯದ ಗುರುತಿದ್ದ ಕಡೆ ಒತ್ತಿ ಹಿಡಿದಿದ್ದರು. ಇಡ್ಲಿ ತಂದರೆ ಬೇಡ, ಕಾಫಿ ತಂದರೆ ಬೇಡ. “ನಾನೇ ಕೊಟ್ಟೆ, ನಾನೇ ಕಿತ್ಕಂಡೆ” ಎಂದು ಒಂದೇ ಒಂದು ಸಲ, ಯಾರಿಗೂ ಅಲ್ಲದ ಹಾಗೆ ಹೇಳಿದರು.

ಶ್ವಾಸಕೋಶಕ್ಕೆ ನಳಿಕೆ ಇಳಿಸಿ ಬ್ರಾಂಕೋಸ್ಕೋಪಿ ಮಾಡಿದರು. ರಿಪೋರ್ಟ್ ಬಂದ ದಿನ ದೊಡ್ಡ ಡಾಕ್ಟರೇ, ಅವನ ಕಿಡ್ನಿ ನೋಡಿಕೊಳ್ಳುವವರು, ನಮ್ಮನ್ನು ಕರೆಸಿದರು. ನ್ಯುಮೋಸಿಸ್ಟಿಸ್ ಎಂಬ ಒಂದು ಬಗೆಯ ಫಂಗಸ್ ಎಂದರು. ಗಾಳಿಯಲ್ಲೇ ಓಡಾಡುತ್ತಿರುತ್ತದೆ, ನಮ್ಮ ನಿಮ್ಮ ಮೂಗಿಗೂ ಹೋಗುತ್ತದೆ, ಏನೂ ಮಾಡುವುದಿಲ್ಲ. ಕಾವಲು ಕುಸಿದವರನ್ನು ಮಾತ್ರ ಹಿಡಿಯುತ್ತದೆ. ಇಂಥವನ್ನು ಆಪರ್ಚುನಿಸ್ಟಿಕ್ ಇನ್ಫೆಕ್ಷನ್ ಅನ್ನುತ್ತಾರೆ, ಸಮಯ ಕಾದು ಒಳಗೆ ನುಗ್ಗುವವು. ನೀರಿನಿಂದ ಬಂದದ್ದಲ್ಲ ಎಂದೂ ಬಿಡಿಸಿ ಹೇಳಿದರು.

ಹೊರಗೆ ಬಂದ ಮೇಲೆ ಅತ್ತೆ, “ನಂಗೆ ಬೇಜಾರಾಗ್ಬಾರ್ದು ಅಂತ ಅಂಗಂತವ್ರೆ” ಎಂದರು.

ಅದೇ ಮಧ್ಯಾಹ್ನ ಡಾಕ್ಟರು ನನ್ನೊಬ್ಬಳನ್ನೇ ಮತ್ತೆ ಕರೆದರು. ಮನೆಯಲ್ಲಿ ಅವನ ಮಾತ್ರೆ ಯಾರು ನೋಡುತ್ತಾರೆ ಎಂದು ಕೇಳಿದರು. ಅವನೇ ಎಂದೆ. “ಲೆವೆಲ್ ಒಂದು ಸಲ ಪಾತಾಳದಲ್ಲಿದೆ, ಇನ್ನೊಂದು ಸಲ ಆಕಾಶದಲ್ಲಿದೆ. ದಿನಾ ನುಂಗುವವರಿಗೆ ಹೀಗಾಗಲ್ಲಮ್ಮ. ಬಿಡ್ತಾನೆ, ಭಯವಾದಾಗ ಒಟ್ಟಿಗೆ ನುಂಗ್ತಾನೆ. ಯಾಕೆ?” ಎಂದರು.

ನನಗೆ ಯಾಕೆಂದು ಗೊತ್ತಿರಲಿಲ್ಲ. ಗೊತ್ತಿದ್ದದ್ದನ್ನು ಹೇಳಿದೆ. ಕರಿಬೇವಿನ ಸಾಲು, ಮಿಕ್ಸಿ, ನಿದ್ದೆ, ಹಲ್ಲು. ಇಂಥ ಮನೆವಾರ್ತೆಯನ್ನೆಲ್ಲ ಇಷ್ಟು ದೊಡ್ಡ ಡಾಕ್ಟರ ಮುಂದೆ ಹೇಳುತ್ತಿದ್ದೇನಲ್ಲ ಎಂದು ಸಂಕೋಚವಾಯಿತು. ಅವರು ಮಾತ್ರ ಮುಂದಕ್ಕೆ ಬಾಗಿ ಕೇಳುತ್ತಿದ್ದರು.

“ಹಲ್ಲು ಕಡೀತಾನಾ? ಹಗಲಲ್ಲೂ?”

“ಹೌದು ಡಾಕ್ಟ್ರೇ.”

“ಅವನನ್ನ ಒಬ್ಬನೇ ಇದ್ದಾಗ ಕೇಳ್ತೀನಿ. ನೀವೂ ಕೇಳಿ. ಬೈಯೋಕಲ್ಲ. ಏನು ಒಳಗೆ ಹೋಗಿದೆ ಅಂತ ಗೊತ್ತಿಲ್ಲದೆ ನಾನು ಕುರುಡನ ಹಾಗೆ ಔಷಧಿ ಕೊಡ್ತಿದ್ದೀನಿ.”

ಡಾಕ್ಟರು ಕೇಳಿದಾಗ ಅವನು ಇಲ್ಲವೆಂದು ತಲೆ ಆಡಿಸಿದನಂತೆ. ಎರಡು ದಿನದ ಮೇಲೆ ಮೂಗಿನ ಆಕ್ಸಿಜನ್ ಸ್ವಲ್ಪ ತಗ್ಗಿಸಿದ್ದರು. ಭೇಟಿಯ ಸಮಯದಲ್ಲಿ ನಾನು ಒಳಗೆ ಹೋಗಿ ಅವನ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದೆ. ನಾನು ಏನನ್ನೂ ಕೇಳಿರಲಿಲ್ಲ.

“ಸೀಸನ್ ಅಲ್ಲ ಅತ್ತಿಗೆ ಅದು,” ಎಂದ.

ತುಂಡು ತುಂಡಾಗಿ ಹೇಳಿದ. ಪಾವಗಡದ ಕಡೆಯ ಒಂದು ಮದುವೆ. ಡಿಜೆ ತಂಡದ ಹುಡುಗರು. ಹರಳಿನ ಥರದ ಬಿಳಿ ಪುಡಿ, ಗಾಜಿನ ಕೊಳವೆಯಲ್ಲಿ ಸೇದುವುದು. “ನಾನು ಕಾಯಿಲೆಯವ್ನು ಅನ್ನೋದೇ ಮರ್ತೋಯ್ತು ಅತ್ತಿಗೆ. ಚೀಲ ನಾನೇ ಹೊತ್ತೆ. ಎಲ್ಲರ ಜೊತೆ ಕುಣಿದೆ.” ಮೊದಲು ಮಜಾಕ್ಕೆ, ಆಮೇಲೆ ಎಡಿಟಿಂಗ್ ಮುಗಿಸುವುದಕ್ಕೆ, ಕೊನೆಗೆ ಯಾವುದಕ್ಕೂ ಅಲ್ಲದೆ. “ಮಾತ್ರೆ ಅಲಾರಂ ಹೊಡೀತಿತ್ತು. ಆಮೇಲ್ ತಗಳ್ಳಣ ಅಂತ ಆಫ್ ಮಾಡ್ತಿದ್ದೆ. ಆ ಆಮೇಲೆ ಅನ್ನೋದು ಬರ್ತಾನೇ ಇರ್ಲಿಲ್ಲ.”

ಮಾನಿಟರಿನಲ್ಲಿ ಹಸಿರು ಗೆರೆ ಓಡುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಅವನ ಮುಖ ನೋಡಿದರೆ ಅಳು ಬರುತ್ತಿತ್ತು.

“ಡಾಕ್ಟ್ರಿಗೆ ಹೇಳು,” ಎಂದೆ.

“ಹೇಳ್ತೀನಿ. ಅಮ್ಮಂಗ್ ಮಾತ್ರ ಬ್ಯಾಡ. ಹೊಟ್ಟೆ ಕುಯ್ಸ್ಕಂಡ್ ಕೊಟ್ಟವ್ಳೆ.”

“ನಾನಾಗಿ ಹೇಳಲ್ಲ ಕಿರಣ. ಆದರೆ ಅವರು ತೀರ್ಥದಿಂದ ಆಯ್ತು ಅಂತ ನೆಲದ ಮೇಲೆ ಕೂತಿದ್ದಾರೆ. ಊಟ ಬಿಟ್ಟಿದ್ದಾರೆ. ಹೌದು ತೀರ್ಥದಿಂದಲೇ ಅಂತ ನಾನು ಹೇಳಲಾರೆ.”

ಅವನು ಕಣ್ಣು ಮುಚ್ಚಿದ.

ಸಂಜೆ ರೌಂಡ್ಸ್‌ಗೆ ಬಂದ ಡಾಕ್ಟರಿಗೆ ಅವನೇ ಹೇಳಿದ. ಅವರು ಬೈಯಲಿಲ್ಲ. ಎಷ್ಟು ಕಾಲದಿಂದ, ಕೊನೆಯ ಸಲ ಯಾವಾಗ, ಸೂಜಿ ಚುಚ್ಚಿಕೊಂಡದ್ದು ಉಂಟಾ ಎಂದು ಪಂಚಾಂಗ ಕೇಳುವ ದನಿಯಲ್ಲಿ ಕೇಳಿದರು. ಸೂಜಿ ಇಲ್ಲ ಎಂದ. ಆದರೂ ಎಚ್‌ಐವಿ, ಹೆಪಟೈಟಿಸ್ ಟೆಸ್ಟ್ ಮಾಡಿಸಿದರು. ಅವು ನೆಗೆಟಿವ್ ಬಂದವು. ಆ ಸಂಜೆ ಅವರು ನನಗೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ, ಯಾರಿಗಾದರೂ ಬೇಕಾಗಬಹುದು.

ಆ ಪುಡಿ ತಾನೇ ರೋಗ ತಂದು ಹಾಕುವುದಿಲ್ಲ. ಬಾಗಿಲು ತೆರೆದಿಡುತ್ತದೆ. ದಿನಗಟ್ಟಲೆ ನಿದ್ದೆ ಇಲ್ಲ, ಊಟ ಇಲ್ಲ, ನೀರಿಲ್ಲ. ಹೊಗೆ ಶ್ವಾಸಕೋಶವನ್ನು ಒಳಗಿನಿಂದ ಸುಡುತ್ತದೆ. ರಕ್ತದೊತ್ತಡ ಏರಿ ಕಿಡ್ನಿಗೂ ಪೆಟ್ಟು. ಎಲ್ಲಕ್ಕಿಂತ ಹೆಚ್ಚಾಗಿ ಹೊತ್ತು ಗೊತ್ತಿನ ಪರಿವೆ ಹೋಗುತ್ತದೆ, ಮಾತ್ರೆ ತಪ್ಪುತ್ತದೆ. ಮಾತ್ರೆ ತಪ್ಪಿದ್ದರಿಂದ ರಿಜೆಕ್ಷನ್. ಅದು ಗೊತ್ತಿಲ್ಲದ ಡಾಕ್ಟರು ಡೋಸ್ ಸಾಲದೆಂದು ಭಾವಿಸಿ ಕಾವಲನ್ನು ಇನ್ನಷ್ಟು ಇಳಿಸಿದರು. ರಕ್ಷಣೆಗೆಂದು ಕೊಟ್ಟ ಸಲ್ಫಾ ಮಾತ್ರೆಯನ್ನೂ ಅವನು ನುಂಗಲಿಲ್ಲ. ಫಂಗಸ್ಸಿಗೆ ಇಷ್ಟು ಸಾಕಾಗಿತ್ತು.

ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಆಪರ್ಚುನಿಟಿ ಎಂಬುದು ಬಾಗಿಲು ತಟ್ಟಿ ಬರುತ್ತದೆಂದು ಹೇಳಿಕೊಡುತ್ತಿದ್ದರು. ಇದು ತಟ್ಟದೆ ಬಂದಿತ್ತು.

ಈಗ ಇನ್ನೊಂದು ಕಷ್ಟ ಎದುರಾಯಿತು. ಶ್ವಾಸಕೋಶ ಗೆಲ್ಲಬೇಕಾದರೆ ಕಾವಲನ್ನು ಮೇಲೆತ್ತಬೇಕು, ಅಂದರೆ ಕಿಡ್ನಿ ಕಾಯುವ ಮಾತ್ರೆ ಕಡಿಮೆ ಮಾಡಬೇಕು. ಕಿಡ್ನಿ ಹೋದರೂ ಹೋಗಬಹುದು. ಮನೆಯವರಿಗೆ ತಿಳಿಸಲೇಬೇಕೆಂದು ಡಾಕ್ಟರು ನಮ್ಮವರನ್ನೂ ಅತ್ತೆಯನ್ನೂ ಕೂರಿಸಿ ಹೇಳಿದರು. ನಮ್ಮವರು ತಲೆ ತಗ್ಗಿಸಿದರು. ಅತ್ತೆ ಯೋಚಿಸಲೇ ಇಲ್ಲ.

“ಕಡ್ಮೆ ಮಾಡಿ ಸ್ವಾಮಿ. ಕಿಡ್ನಿ ಹೋದ್ರೆ ಹೋಗ್ಲಿ. ನಂತಾವ ಇನ್ನೊಂದೈತಲ್ಲ.”

ಡಾಕ್ಟರು ಮೇಜಿನ ಮೇಲಿದ್ದ ಕನ್ನಡಕ ತೆಗೆದು ಹಾಕಿಕೊಂಡರು, ಮತ್ತೆ ತೆಗೆದರು. “ಅದು ನಿಮಗೆ ಬೇಕಮ್ಮ,” ಎಂದರು.

ಈ ಮಾತನ್ನು ನಾನು ಕಿರಣನಿಗೆ ಹೇಳಿದೆ. ಹೇಳಬೇಕಿತ್ತೋ ಬಾರದಿತ್ತೋ ಗೊತ್ತಿಲ್ಲ. ಅವನು ಗೋಡೆ ಕಡೆ ಹೊರಳಿ ಮಲಗಿದ.

ವೆಂಟಿಲೇಟರ್ ಬೇಕಾಗಲಿಲ್ಲ. ಅದೊಂದು ಪುಣ್ಯ. ಜ್ವರ ಇಳಿಯಿತು. ಆಕ್ಸಿಜನ್ ನಳಿಕೆ ಹೋಯಿತು. ಕ್ರಿಯೇಟಿನಿನ್ ಏರಿತು, ನಿಂತಿತು, ಸ್ವಲ್ಪ ಇಳಿಯಿತು. ಮೊದಲಿದ್ದಲ್ಲಿಗೆ ಬರಲಿಲ್ಲ. ಮನೆಗೆ ಬಂದಾಗ ಅವನ ಪ್ಯಾಂಟನ್ನು ಬೆಲ್ಟಿನ ಕೊನೆಯ ತೂತೂ ಹಿಡಿಯುತ್ತಿರಲಿಲ್ಲ. ಮಹಡಿ ಬೇಡವೆಂದು ಕೆಳಗೆ ಪಡಸಾಲೆಯಲ್ಲೇ ಮಂಚ ಹಾಕಿದೆವು.

ಮನೆಗೆ ಬಂದ ಮೊದಲ ದಿನವೇ ನನಗೆ ತಿಳಿದದ್ದು, ಅತ್ತೆ ಅಡುಗೆಮನೆ ಬಿಟ್ಟಿದ್ದಾರೆ ಎಂದು.

ಬೇರೆಯವರಿಗೆ ಬಡಿಸುತ್ತಿದ್ದರು. ಅವನ ತಟ್ಟೆ ಮುಟ್ಟುತ್ತಿರಲಿಲ್ಲ. ಅವನ ಸಾರಿಗೆ ಒಗ್ಗರಣೆ ಹಾಕುವಾಗ ಹೊರಗೆ ಹೋಗಿ ನಿಲ್ಲುತ್ತಿದ್ದರು. “ನನ್ ಕೈ ಆಗ್ಬರಲ್ಲ. ನೀನೇ ಮಾಡು” ಎನ್ನುತ್ತಿದ್ದರು. ತೀರ್ಥದ ಕ್ಯಾನು ಹಿತ್ತಲಿನಲ್ಲಿ ಬೋರಲು ಬಿದ್ದಿತ್ತು. ಬೆಳಿಗ್ಗೆ ವಿಭೂತಿಯನ್ನೂ ಅವನ ಹಣೆಗೆ ಇಡುತ್ತಿರಲಿಲ್ಲ, ತಟ್ಟೆಯನ್ನು ದೂರದಲ್ಲಿಟ್ಟು “ನೀನೇ ಹಚ್ಕ” ಎನ್ನುತ್ತಿದ್ದರು. ಮೂರು ವರ್ಷ ಊರನ್ನೆಲ್ಲ ಗೇಟಿನಾಚೆ ನಿಲ್ಲಿಸಿದ್ದವರು ಈಗ ತಮ್ಮನ್ನೇ ಆಚೆ ನಿಲ್ಲಿಸಿಕೊಂಡಿದ್ದರು. ಕಿರಣ ಇದನ್ನೆಲ್ಲ ನೋಡುತ್ತಿದ್ದ. ನಾನು ಅವನನ್ನು ನೋಡುತ್ತಿದ್ದೆ. ಒಂದೆರಡು ಸಲ ಬಾಯಿ ತೆರೆದು, ಕೆಮ್ಮಿ, ಸುಮ್ಮನಾದ.

ಒಂದು ಸೋಮವಾರ ಮಧ್ಯಾಹ್ನ. ಅವನು ಮೆತ್ತಗಿನ ಅನ್ನ, ತೊವ್ವೆ ಉಣ್ಣುತ್ತಿದ್ದ. ಹೊರಗೆ ಅಂಗಳದಲ್ಲಿ ಪುಟ್ಟತಾಯಮ್ಮ ಬಂದು ನಿಂತಿದ್ದರು. ಅತ್ತೆ ಹೇಳುತ್ತಿದ್ದುದು ಕಿಟಕಿಯಿಂದ ಸ್ಪಷ್ಟವಾಗಿ ಕೇಳುತ್ತಿತ್ತು.

“ಕೈಯಾರೆ ಕೊಟ್ಟೆ ಕಣೆ ಪುಟ್ತಾಯಿ. ದಿನಾ ಬೆಳಿಗ್ಗೆ. ಇಸ ಹಾಕ್ದಂಗೆ.”

“ಬುಡಕ್ಕ, ಯಾರಾದ್ರೂ ಬೇಕಂತ ಮಾಡ್ತಾರಾ? ತಾಯಿ ಅಲ್ವಾ ನೀನು.”

“ತಾಯಿ ಆಗಿದ್ಕೇ ಕಣೆ ಕುಡುದ್ಬುಟ್ಟ. ಬ್ಯಾರೆಯೋರು ಕೊಟ್ಟಿದ್ರೆ ಕುಡೀತಿದ್ನಾ?”

ಕಿರಣನ ಕೈ ತಟ್ಟೆಯಲ್ಲೇ ನಿಂತಿತು. ಪುಟ್ಟತಾಯಮ್ಮ ಹೋಗುವವರೆಗೆ ಕಾದ.

“ಅಮ್ಮ, ಬಾ ಇಲ್ಲಿ.”

“ಉಣ್ಲಾ ಮೊದ್ಲು.”

“ಬಾ ಅಂದ್ನಲ್ಲ.”

ಅತ್ತೆ ಬಂದು ಬಾಗಿಲ ಹತ್ತಿರ ನಿಂತರು. ನಾನು ಎದ್ದು ಒಳಗೆ ಹೋಗಲು ನೋಡಿದೆ. “ಅತ್ತಿಗೆ, ನೀವೂ ಇರಿ,” ಎಂದ.

“ತೀರ್ಥದಿಂದ ಅಲ್ಲಮ್ಮ. ನನ್ನಿಂದ. ನಾನು ಡ್ರಗ್ಸ್ ತಗೋತಿದ್ದೆ.”

“ಏನು, ಎಂಡನಾ?”

“ಎಂಡ ಅಲ್ಲ.”

“ಗಾಂಜಾನಾ?”

“ಅಲ್ಲಮ್ಮ. ಬ್ಯಾರೆ. ಪುಡಿ. ಅದು ತಗಂಡ್ರೆ ನಿದ್ದೆ ಬರಲ್ಲ, ಹೊಟ್ಟೆ ಹಸಿಯಲ್ಲ, ಸುಸ್ತಾಗಲ್ಲ. ಮಾತ್ರೆನೂ ಬುಟ್ಬುಡ್ತಿದ್ದೆ. ಅದಕ್ಕೇ ಆಗಿದ್ದು ಇದೆಲ್ಲ.”

ಹೊರಗೆ ಯಾರದೋ ಟ್ರ್ಯಾಕ್ಟರು ಹಾದು ಹೋಯಿತು. ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು.

“ತೀರ್ಥದ್ದೇನೂ ಇಲ್ವಾ?”

“ಇಲ್ಲ.”

“ಡಾಕ್ಟ್ರಿಗೆ ಗೊತ್ತಾ?”

“ಗೊತ್ತು. ಅತ್ತಿಗೆಗೂ ಗೊತ್ತು. ನಾನೇ ಹೇಳ್ಬೇಡಿ ಅಂದಿದ್ದೆ.”

ಅತ್ತೆ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಅವರ ಮುಖದಲ್ಲಿ ಮೊದಲು ಬಂದದ್ದು ಕೋಪವಲ್ಲ. ನಾನು ಹತ್ತಿರದಿಂದ ನೋಡಿದೆ. ತುಂಬಿದ ಕೊಡ ಇಳಿಸಿದವರ ಕುತ್ತಿಗೆ ಸಡಿಲಾಗುತ್ತದಲ್ಲ, ಹಾಗೆ ಸಡಿಲಾಯಿತು. ತುಟಿ ಸ್ವಲ್ಪ ತೆರೆಯಿತು. ಒಂದು ದೊಡ್ಡ ಉಸಿರು ಹೊರಗೆ ಬಂತು.

ಆಮೇಲೆ ಕೋಪ ಬಂತು.

“ಕಿಡ್ನಿ ಹೋದ್ರೆ ಹೋಗ್ಲಿ ಲೇ. ಅದು ಮಾಂಸ. ಆಸ್ಪತ್ರೆ ನೆಲದ್ ಮ್ಯಾಲೆ ನಾನು ಕೂತಿದ್ನಲ್ಲ, ನಾನೇ ಮಗನ್ನ ತಿಂದೆ ಅಂತ. ಗೊತ್ತಿದ್ದೂ ಸುಮ್ಕಿದ್ಯಲ್ಲೋ. ನನ್ ತಲೆ ಮ್ಯಾಲೆ ಹಾಕ್ಬುಟ್ಟು ಇಲ್ಲಿ ಕೂತ್ಕಂಡ್ ಉಣ್ತಾ ಇದ್ಯಲ್ಲೋ.”

ಕಿರಣ ತಲೆ ಎತ್ತಲಿಲ್ಲ. ಕಣ್ಣೀರು ಅನ್ನದ ಮೇಲೆ ಬೀಳುತ್ತಿತ್ತು. ಅತ್ತೆ ನನ್ನ ಕಡೆಯೂ ಒಮ್ಮೆ ನೋಡಿದರು.

ನಾಲ್ಕೈದು ದಿನ ಅವನ ಜೊತೆ ಮಾತು ಬಿಟ್ಟರು. ಆದರೆ ಅದೇ ಸಂಜೆ ಅಡುಗೆಮನೆಗೆ ಹೋಗಿ, ನನ್ನ ಕೈಯಿಂದ ಸೌಟು ಕಿತ್ತುಕೊಂಡು, “ಉಪ್ಪು ಎಷ್ಟ್ ಹಾಕಿದ್ದೀಯ, ಕಿಡ್ನಿಯೋರಿಗೆ?” ಎಂದು ಗದರಿದರು. ನನಗೆ ಅಷ್ಟು ಹಿತವಾದ ಗದರಿಕೆ ಈಚೆಗೆ ಯಾವುದೂ ಇರಲಿಲ್ಲ.

ನಮ್ಮವರಿಗೂ ಅವನೇ ಹೇಳಿದ. ಅವರು ಕೂಗಾಡಿದರು, ಪಾವಗಡಕ್ಕೆ ಹೋಗಿ ಆ ಡಿಜೆ ಹುಡುಗರ ಕಾಲು ಮುರಿಯುತ್ತೇನೆಂದು ಕಾರಿನ ಕೀಲಿ ತೆಗೆದುಕೊಂಡರು. ಅಂಗಡಿಯವರೆಗೆ ಹೋಗಿ ವಾಪಸು ಬಂದರು. ಈಗ ತುಮಕೂರಿಗೆ ಕೌನ್ಸೆಲಿಂಗ್‌ಗೆ ಅವನನ್ನು ಕರೆದುಕೊಂಡು ಹೋಗುವವರು ಅವರೇ. ಸವೆದು ಸೀಳಿದ್ದ ಒಂದು ದವಡೆ ಹಲ್ಲು ಕೀಳಿಸಬೇಕಾಯಿತು. ಮದುವೆಗಳಿಗೆ ಹೋಗುವುದನ್ನು ನಿಲ್ಲಿಸಿ, ಸದ್ಯಕ್ಕೆ ಹಗಲಿನಲ್ಲಿ ಮನೆಯಲ್ಲೇ ಎಡಿಟಿಂಗ್ ಮಾಡುತ್ತಾನೆ. ಮಾತ್ರೆಯನ್ನು ನಮ್ಮಲ್ಲಿ ಯಾರಾದರೊಬ್ಬರ ಎದುರಿಗೇ ನುಂಗಬೇಕೆಂದು ಡಾಕ್ಟರು ಹೇಳಿದ್ದಾರೆ. ನುಂಗಿ ನೀರು ಕುಡಿದ ಮೇಲೆ ಅತ್ತೆ “ಬಾಯ್ ತೆಗಿ” ಎನ್ನುತ್ತಾರೆ. ಅವನು ಮೂವತ್ತರ ಗಂಡಸು, ಬಾಯಿ ತೆಗೆದು ತೋರಿಸುತ್ತಾನೆ.

ತೀರ್ಥವೂ ಮರಳಿ ಬಂದಿದೆ. ಅತ್ತೆ ಅದನ್ನು ಒಲೆಯ ಮೇಲಿಟ್ಟು ಕುದಿಸುತ್ತಾರೆ. “ಬೆಟ್ಟದ್ ಸಿದ್ದಪ್ಪಂಗೇನು, ಬಿಸ್ನೀರು ಆಗಲ್ವಾ?” ಎನ್ನುತ್ತಾರೆ.

ಕಿಡ್ನಿ ಎಷ್ಟು ವರ್ಷ ಬರುತ್ತದೆಂದು ಡಾಕ್ಟರು ಹೇಳುವುದಿಲ್ಲ. ನಾವು ಕೇಳುವುದನ್ನೂ ಬಿಟ್ಟಿದ್ದೇವೆ. ಪ್ರತಿ ರಿಪೋರ್ಟಿನ ದಿನ ನನ್ನ ಬೆರಳು ತಣ್ಣಗಾಗುತ್ತದೆ, ನೋಡಿದ ಮೇಲೆ ಬಿಸಿಯಾಗುತ್ತದೆ. ಅಷ್ಟು ಸಾಕು ಎಂದುಕೊಳ್ಳುತ್ತೇನೆ. ಅವನು ಬಿಟ್ಟೇಬಿಟ್ಟ ಎಂದು ಯಾರಾದರೂ ಸಂತೋಷದಿಂದ ಅಂದರೆ ನಾನು ಹೂಂ ಎನ್ನುವುದಿಲ್ಲ. ಇವತ್ತು ಮುಟ್ಟಿಲ್ಲ ಎನ್ನುತ್ತೇನೆ.

ಹೋದ ವಾರ ಅತ್ತೆಯೂ ನಾನೂ ಪಡಸಾಲೆಯಲ್ಲಿ ಕುಳಿತು, ನೆನೆಸಿದ ಅವರೆಕಾಳು ಹಿಸುಕುತ್ತಿದ್ದೆವು. ಕಿರಣ ಕಂಪ್ಯೂಟರ್ ಮುಂದಿನಿಂದ ಎದ್ದು ಬಂದ. ಕೂತ, ಎದ್ದ, ಕಿಟಕಿ ಹತ್ತಿರ ಹೋಗಿ ಬಂದ. ಅವನ ದವಡೆ ಬಿಗಿದಿತ್ತು.

“ಅತ್ತಿಗೆ, ಇವತ್ತು ಬೇಕು ಅನ್ನುಸ್ತೈತೆ,” ಎಂದ. ಅಮ್ಮನ ಎದುರಿಗೇ.

ಕೌನ್ಸೆಲಿಂಗಿನವರಿಗೆ ಫೋನ್ ಮಾಡಲೋ ಎಂದು ನಾನು ಯೋಚಿಸುತ್ತಿದ್ದೆ. ಅತ್ತೆ ಕಾಳಿನಿಂದ ಕಣ್ಣು ತೆಗೆಯಲಿಲ್ಲ.

“ಎಷ್ಟೊತ್ತು ಇರ್ತೈತ್ಲಾ ಅದು?”

“ಗೊತ್ತಿಲ್ಲಮ್ಮ. ಒಂದೊಂದ್ಸಲ ಅರ್ಧ ಗಂಟೆ. ಒಂದೊಂದ್ಸಲ ಜಾಸ್ತಿ.”

“ಕೈ ತೊಳ್ಕಂಡ್ ಬಾ. ಕಾಳು ಬಾಳ ಐತೆ.”

ಸೋಪು ಹಚ್ಚಿ, ಮೊಣಕೈವರೆಗೂ ತೊಳೆದುಕೊಂಡು ಬಂದು ನಮ್ಮ ಮಧ್ಯೆ ಕುಳಿತ. ಮೊದಮೊದಲು ಅವನು ಹಿಸುಕಿದ ಕಾಳು ಎಲ್ಲೆಲ್ಲೋ ಚಿಮ್ಮುತ್ತಿತ್ತು. ಒಂದು ಅತ್ತೆಯ ಕೆನ್ನೆಗೆ ಹೊಡೆಯಿತು. ಅವರು ಒರೆಸಿಕೊಂಡು ಮುಂದುವರಿದರು. ಬಟ್ಟಲು ತುಂಬಿತು. ಮೊರ ಬರಿದಾಯಿತು.

ಹೋಯಿತೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವನೇ ಹೇಳಿದ.

“ಇನ್ನೂ ವಸಿ ಐತೆ.”

ಅತ್ತೆ ಮಂಡಿ ಹಿಡಿದುಕೊಂಡು ಎದ್ದರು. ನಾಳೆಗೆಂದು ನೆನೆಹಾಕಿದ್ದ ಪಾತ್ರೆಯನ್ನು ಒಳಗಿನಿಂದ ತಂದು, ನೀರು ಬಸಿದು, ಅಷ್ಟನ್ನೂ ಮೊರಕ್ಕೆ ಸುರಿದರು.